ಡೀಸೆಲ್ ಟ್ರಕ್ಕಿನ ಕೂಲೆಂಟ್ ಫಿಲ್ಟರ್ ಯಾವಾಗ ಬದಲಿಸಬೇಕು?

ನಿಮ್ಮ ಎಂಜಿನ್‌ನಲ್ಲಿ ಯಾವ ಬಗೆಯ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಇದೆ ಅನ್ನುವುದರ ಮೇಲೆ ಇದು ನಿಂತಿದೆ. ಹಳೆಯ ಬಗೆಯದಾದರೆ ಆಯಿಲ್ ಬದಲಿಸುವಾಗಲೆಲ್ಲ, ಸುಮಾರು 25,000 ಕಿ.ಮೀ.ಗೊಮ್ಮೆ, ಫಿಲ್ಟರನ್ನೂ ಬದಲಿಸಿ. ದೀರ್ಘ ಬಾಳಿಕೆಯದಾದರೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸಾಕು. ಎಂಜಿನ್ ಕೈಪಿಡಿ ಬೇರೆ ಅಂಕಿ ಹೇಳಿದ್ದರೆ ಅದೇ ಅಂತಿಮ. ಬಣ್ಣ ನೋಡಿ ಕೂಲೆಂಟಿನ ಬಗೆ ಊಹಿಸಬೇಡಿ, ಡಬ್ಬದ ಮೇಲಿರುವುದನ್ನು ಓದಿ.

ಇಷ್ಟು ವ್ಯತ್ಯಾಸ ಏಕೆಂದರೆ, ಹಳೆಯ ಬಗೆಗೆ ಹಾಕುವ ಫಿಲ್ಟರ್ ಕಸ ಹಿಡಿಯುವುದಷ್ಟೇ ಅಲ್ಲ, ಅದರೊಳಗೆ ನೈಟ್ರೈಟ್‌ನಂಥ ರಕ್ಷಕ ರಾಸಾಯನಿಕವೂ ಇರುತ್ತದೆ. ದೊಡ್ಡ ಡೀಸೆಲ್ ಎಂಜಿನ್‌ನಲ್ಲಿ ಇಂಧನ ಉರಿದಾಗಲೆಲ್ಲ ಸಿಲಿಂಡರಿನ ಲೈನರ್, ಅಂದರೆ ಹೊರಮೈಗೆ ಕೂಲೆಂಟ್ ತಾಗುವ ಲೋಹದ ಕೊಳವೆ, ಅದುರುತ್ತದೆ. ಅದುರಿದಾಗ ಅದರ ಹೊರಮೈಯಲ್ಲಿ ಆವಿಗುಳ್ಳೆಗಳೆದ್ದು ಒಡೆಯುತ್ತವೆ. ಒಂದೊಂದೂ ಪುಟ್ಟ ಸುತ್ತಿಗೆಯ ಏಟು. ಬಿಚ್ಚಿದ ಲೈನರ್ ನೋಡಿದರೆ ಒಂದು ಬದಿಯಲ್ಲಿ ಗೆದ್ದಲು ತಿಂದ ಹಾಗೆ ಸಾಲು ಗುಳಿಗಳು! ನೈಟ್ರೈಟ್ ಲೋಹದ ಮೇಲೆ ತೆಳು ಪದರ ಕಟ್ಟಿ ಇದನ್ನು ತಡೆಯುತ್ತದೆ, ಆದರೆ ಗಾಡಿ ಓಡಿದಷ್ಟೂ ಖರ್ಚಾಗುತ್ತದೆ.

ಹಾಗಂತ ಪದೇ ಪದೇ ಬದಲಿಸುವುದೂ ತಪ್ಪು. ರಾಸಾಯನಿಕ ಮಿತಿಮೀರಿದರೆ ಲೋಳೆಯಾಗಿ ರೇಡಿಯೇಟರ್ ಕಟ್ಟಿಕೊಳ್ಳಬಹುದು. ಕೂಲೆಂಟಿನಲ್ಲಿ ಪರೀಕ್ಷಾ ಪಟ್ಟಿ ಅದ್ದಿ, ರಾಸಾಯನಿಕ ಎಷ್ಟಿದೆ ಎಂದು ನೋಡಿಯೇ ನಿರ್ಧರಿಸಿ. ದೀರ್ಘ ಬಾಳಿಕೆಯ ಕೂಲೆಂಟಿಗೆ ರಾಸಾಯನಿಕವಿಲ್ಲದ ಫಿಲ್ಟರನ್ನೇ ಹಾಕಬೇಕು. ಹೊರಗಿನಿಂದ ಎರಡೂ ಒಂದೇ ಥರ ಕಾಣುವುದರಿಂದ ನಂಬರ್ ನೋಡಿ ಕೊಳ್ಳಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಬಿಚ್ಚಿ. ಫಿಲ್ಟರ್ ಬುಡದಲ್ಲಿ ವಾಲ್ವ್ ಇದ್ದರೆ ಮೊದಲು ಮುಚ್ಚಿ, ಕೆಲಸ ಮುಗಿದ ಮೇಲೆ ಮರೆಯದೆ ತೆರೆಯಿರಿ. ಮರೆತರೆ ಹೊಸ ಫಿಲ್ಟರ್ ಸುಮ್ಮನೆ ನೇತಾಡುತ್ತಿರುತ್ತದೆ, ಅದರೊಳಗೆ ಒಂದು ಹನಿಯೂ ಹಾಯುವುದಿಲ್ಲ.