ಒಳಗಿನಿಂದ ಚಿಲಕ ಹಾಕುವ ಕೋಣೆ

ಪ್ರಶ್ನೆ: ನನಗೆ 33 ವರ್ಷ. ಮದುವೆಯಾಗಿ ಆರು ವರ್ಷವಾಯಿತು, ಮಕ್ಕಳಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು, ಟೆಂಪೊ ಟ್ರಾವೆಲರ್ ಒಂದನ್ನು ಮನೆಯಂತೆ ಮಾಡಿಸಿಕೊಂಡು ಅದರಲ್ಲೇ ಇದ್ದೇವೆ. ಒಳಗೆ ಹನ್ನೊಂದು ಅಡಿ ಉದ್ದ, ಆರು ಅಡಿ ಅಗಲ, 90 ಲೀಟರ್ ನೀರಿನ ಟ್ಯಾಂಕು. ಶೌಚಕ್ಕೂ ಪರದೆಯ ಮರೆಯೇ. ಸ್ಪಿತಿಯಿಂದ ಧನುಷ್ಕೋಟಿಯವರೆಗೆ ನೋಡಿಬಂದೆವು. ಈ ಆಸೆ ನನ್ನದೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಪತಿಗೆ ಅಮೆರಿಕದ ಕಂಪನಿಯ ಕೆಲಸ. ರಾತ್ರಿ ಒಂದು ಗಂಟೆಯವರೆಗೆ ಮೀಟಿಂಗ್. ಅವರು ಕೂರುವ ಬೆಂಚನ್ನೇ ಬಿಚ್ಚಿ ಹಾಸಿಗೆ ಮಾಡಬೇಕಾದ್ದರಿಂದ ನಾನೂ ಅಲ್ಲಿಯವರೆಗೆ ಎದ್ದಿರುತ್ತೇನೆ. ಗಾಡಿ ಓಡಿಸುವುದು ಅವರು, ಉಳಿದದ್ದು ನಾನು. ಹೋದ ಮಳೆಗಾಲದಲ್ಲಿ ಬಟ್ಟೆಗೆಲ್ಲ ಬೂಷ್ಟು ಹಿಡಿಯಿತು. ಡಿಸೆಂಬರಿನಲ್ಲಿ ಮಡಿಕೇರಿಯ ಚಳಿಗೆ ಕಿಟಕಿ ಮುಚ್ಚಿ, ಗ್ಯಾಸ್ ಒಲೆ ಉರಿಸಿಕೊಂಡು ಕೂತಿದ್ದೆವು. ಕಳೆದ ವಾರ ಜಗಳವಾದಾಗ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಅತ್ತುಬಿಟ್ಟೆ. ಏನಾದರೂ ಹೇಳಿದರೆ, ‘ನಮ್ಮಜ್ಜಿ ಇಷ್ಟೇ ಜಾಗದಲ್ಲಿ ಎಂಟು ಮಕ್ಕಳನ್ನು ಸಾಕಿದಳು’ ಎನ್ನುತ್ತಾರೆ. ಇಲ್ಲವೇ ‘ಇನ್ನೂ ಉದ್ದದ ಗಾಡಿ ತೆಗೆದುಕೊಳ್ಳೋಣ’ ಎನ್ನುತ್ತಾರೆ. ಶಿರಸಿಯಲ್ಲಿರುವ ಅಮ್ಮನಿಗೆ ಎಲ್ಲ ಚೆನ್ನಾಗಿದೆ ಎಂದೇ ಹೇಳುತ್ತಿದ್ದೇನೆ. ಇಷ್ಟೆಲ್ಲ ಸಿಕ್ಕಿಯೂ ಅಳುವ ನಾನು ಕೊರಗಿನ ಸ್ವಭಾವದವಳೇ?
— ಹೆಸರು ಬೇಡ

ಉತ್ತರ: ಮೊದಲು ಗದರಿಬಿಡುತ್ತೇನೆ, ಸಮಾಧಾನ ಆಮೇಲೆ. ಕಿಟಕಿ ಮುಚ್ಚಿದ ಗಾಡಿಯಲ್ಲಿ ಬೆಚ್ಚಗಾಗಲೆಂದು ಒಲೆ ಉರಿಸುವುದು ಇನ್ನು ಒಂದು ರಾತ್ರಿಯೂ ಬೇಡ. ಗಾಳಿ ಸಾಲದ ಕಡೆ ಉರಿಯುವ ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಅದು ಎಬ್ಬಿಸುವುದಿಲ್ಲ. ಇನ್ನು ಅಡುಗೆ ಅನಿಲ ಸೋರಿದರೆ, ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೇ ಹರಡಿ ನಿಲ್ಲುತ್ತದೆ. ಮೇಲಿನ ಕಿಟಕಿಯೊಂದೇ ಸಾಲದು, ಕೆಳಗೂ ಗಾಳಿಕಿಂಡಿ ಇರಬೇಕು. ಚಳಿಗೆ ಇನ್ನೊಂದು ಕಂಬಳಿ ಕೊಳ್ಳಿ.

ಈಗ ಅಜ್ಜಿಯ ವಿಷಯ. ನಾನು ಮದುವೆಯಾಗಿ ಬಂದದ್ದು ಬೆಂಗಳೂರಿನ ಒಂದು ವಠಾರಕ್ಕೆ. ಎರಡು ಕೋಣೆ, ಏಳು ಜನ. ಮನೆಯಲ್ಲಿ ಯಾರ ಮೇಲಾದರೂ ಸಿಟ್ಟು ಬಂದರೆ ಅಕ್ಕಿಯ ಮೊರ ಹಿಡಿದು ಎದುರು ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಬಟ್ಟೆ ಒಣಹಾಕುವ ನೆಪದಲ್ಲಿ ತಾರಸಿಯ ಮೇಲೆ ಅರ್ಧ ಗಂಟೆ ಸಿಗುತ್ತಿತ್ತು. ಕಲ್ಲಿಲ್ಲದ ಅಕ್ಕಿಯನ್ನೂ ಎಷ್ಟು ಸಲ ಆರಿಸಿದ್ದೇನೋ! ನಿಮ್ಮ ಪತಿಯ ಅಜ್ಜಿಗೂ ಹಾಗೆಯೇ ಹಿತ್ತಲೋ, ಬಾವಿಕಟ್ಟೆಯೋ, ಪಕ್ಕದ ಮನೆಯ ಜಗಲಿಯೋ ಇದ್ದಿರಲೇಬೇಕು. ಅವರ ಗಂಡ ಹಗಲೆಲ್ಲ ಮನೆಯಲ್ಲೇ ಕೂತಿರಲಿಲ್ಲ ಎಂದೂ ಊಹಿಸಬಲ್ಲೆ. ನಿಮ್ಮ ಗಾಡಿಯ ಬಾಗಿಲು ತೆರೆದರೆ ದಿನಕ್ಕೊಂದು ಊರು, ಗುರುತಿಲ್ಲದ ಮುಖಗಳು. ಹೊರಗೆ ಹೋಗಿ ಕೂರಲು ನಿಮ್ಮದೆನ್ನುವ ಮೆಟ್ಟಿಲೇ ಇಲ್ಲ. ಅರವತ್ತಾರು ಚದರ ಅಡಿಯಲ್ಲಿ ಬದುಕಬಹುದು, ಪತಿಯ ಆ ಮಾತು ಸರಿ. ಆದರೆ ಚಿಲಕವಿಲ್ಲದೆ ಹದಿನಾಲ್ಕು ತಿಂಗಳು ಕಳೆದ ಯಾರಿಗೂ ಅಳು ಬರುತ್ತದೆ.

ಹಾಗಾಗಿ ಉದ್ದದ ಗಾಡಿಗೆ ಒಪ್ಪಬೇಡಿ. ಹೆಚ್ಚಿದ ಆರಡಿಯಲ್ಲಿ ಇನ್ನೊಂದು ಕಪಾಟು ಬಂದು ಕೂರುತ್ತದೆ, ಘಟ್ಟದ ತಿರುವಿನಲ್ಲಿ ಗಾಡಿ ಸಿಕ್ಕಿಕೊಳ್ಳುತ್ತದೆ. ಮಾತು ಬಂದದ್ದಕ್ಕೆ ಕೇಳುತ್ತೇನೆ: ಈಗಿನ ಗಾಡಿಯ ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿದ್ದೀರಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇದಕ್ಕೆ. ಬರೆಸಿರದಿದ್ದರೆ, ಅಪಘಾತವಾದ ದಿನ ವಿಮೆಯವರು ತಕರಾರು ತೆಗೆಯಬಹುದು.

‘ಉಳಿದದ್ದು ನಾನು’ ಎಂದು ಎರಡು ಪದದಲ್ಲಿ ಮುಗಿಸಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ನೀರು ಹುಡುಕಿ ತುಂಬಿಸುವುದು, ಶೌಚದ ಡಬ್ಬ ಖಾಲಿ ಮಾಡಿ ತೊಳೆಯುವುದು, ಅಡುಗೆ, ಗಾಡಿ ಹೊರಡುವ ಮೊದಲು ಪ್ರತಿ ಪಾತ್ರೆಯನ್ನೂ ಅಲುಗದಂತೆ ಕಟ್ಟಿಡುವುದು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರದ ಲೆಕ್ಕ. ನಿಮ್ಮಿಬ್ಬರಿಗೂ ಸೇರಿ ಇರುವುದು 90. ಮುಟ್ಟಿನ ದಿನಗಳಲ್ಲಿ ಆ ಲೆಕ್ಕ ಹಿಡಿಯುವುದು ಹೇಗಿರುತ್ತದೆಂದು ಸ್ಟಿಯರಿಂಗ್ ಹಿಡಿದವರಿಗೆ ತಾನಾಗಿ ಹೊಳೆಯುವುದಿಲ್ಲ. ಒಂದು ವಾರ ನೀರು ಮತ್ತು ಶೌಚದ ಡಬ್ಬ ಅವರ ಪಾಲಿಗಿರಲಿ, ಗಾಡಿ ನೀವು ಓಡಿಸಿ. ಬಾರದಿದ್ದರೆ ಕಲಿಯಿರಿ. ಗಾಡಿ ಯಾವ ಊರಲ್ಲಿ ನಿಲ್ಲಬೇಕೆಂಬುದು ಸ್ಟಿಯರಿಂಗ್ ಹಿಡಿದವರ ಬಾಯಿಂದಲೇ ಬರುತ್ತದೆ ಎಂಬುದನ್ನು ಗಮನಿಸಿದ್ದೀರಿ ತಾನೇ? ರಾತ್ರಿಯ ಮೀಟಿಂಗ್ ಮುಂದಿನ ಸೀಟಿಗೆ ಹೋಗಲಿ, ನಡುವೆ ದಪ್ಪ ಪರದೆ ಬರಲಿ. ಹತ್ತು ಗಂಟೆಗೆ ಬೆಂಚು ಹಾಸಿಗೆಯಾಗಬೇಕು.

ಇವೆಲ್ಲ ಸಣ್ಣ ರಿಪೇರಿಗಳು. ದೊಡ್ಡ ಮಾತನ್ನು ಗಾಡಿಯೊಳಗೆ ಆಡಬೇಡಿ, ಇಬ್ಬರೂ ನಡೆಯುತ್ತಾ ಹೋಗುವಾಗ ಆಡಿ. ‘ಈ ಬದುಕು ಬೇಡ’ ಎಂದು ಶುರು ಮಾಡಿದರೆ ಅವರು ಹದಿನಾಲ್ಕು ತಿಂಗಳನ್ನೂ ಸಮರ್ಥಿಸಿಕೊಳ್ಳಲು ನಿಂತುಬಿಡುತ್ತಾರೆ. ‘ಈ ಮಳೆಗಾಲ ನನಗೆ ಒಳಗಿನಿಂದ ಚಿಲಕ ಹಾಕುವ ಒಂದು ಕೋಣೆ ಬೇಕು’ ಎನ್ನಿ. ವರ್ಷವಿಡೀ ಊರೂರು ಸುತ್ತುವ ಯತಿಗಳೇ ಮಳೆಗಾಲದಲ್ಲಿ ಚಾತುರ್ಮಾಸ್ಯವೆಂದು ಒಂದೆಡೆ ನೆಲೆ ನಿಲ್ಲುತ್ತಾರೆ; ಅವರ ಸನ್ಯಾಸಕ್ಕೆ ಅದರಿಂದ ಕುಂದು ಬಂದಿಲ್ಲ. ತಗಡಿನ ಗಾಡಿಯಲ್ಲಿ ಇಬ್ಬರ ಉಸಿರು, ಅಡುಗೆಯ ಹಬೆ ಗೋಡೆಗೆ ಹನಿಗಟ್ಟುವುದರಿಂದ ಈ ಸಲವೂ ಬೂಷ್ಟು ತಪ್ಪದು, ಆ ಕಾರಣವನ್ನೂ ಜೊತೆಗಿಡಿ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೇ ಊರು. ಮತ್ತೆ ಹೊರಡುವುದೋ ಬೇಡವೋ ಎಂಬುದನ್ನು ದಸರೆಯ ಹೊತ್ತಿಗೆ, ಬಾಗಿಲಿರುವ ಮನೆಯಲ್ಲಿ ಕೂತು ಇಬ್ಬರೂ ತೀರ್ಮಾನಿಸಿ. ನಾಲ್ಕು ತಿಂಗಳಿಗೂ ಅವರು ಒಪ್ಪದಿದ್ದರೆ ತೊಂದರೆ ಗಾಡಿಯದಲ್ಲ. ಆಗ ನನಗೆ ಇನ್ನೊಂದು ಪತ್ರ ಬರೆಯಿರಿ.

ಕೊರಗಿನ ಸ್ವಭಾವವೇ ಎಂದು ಕೇಳಿದ್ದಿರಿ. ಅಲ್ಲ. ಆದರೆ ಅಮ್ಮನ ಮುಂದೆ ಹದಿನಾಲ್ಕು ತಿಂಗಳು ನಗುಮುಖ ಹೊತ್ತದ್ದು ಸಾಕು. ಇವತ್ತೇ ಫೋನ್ ಮಾಡಿ, ಅಟ್ಟದ ಕೋಣೆಯೋ ಪಡಸಾಲೆಯ ಪಕ್ಕದ್ದೋ ಖಾಲಿಯಿದೆಯೇ ಎಂದು ಕೇಳಿ. ಚಿಲಕ ಸರಿಯಿದೆಯೇ ಎಂದೂ ಕೇಳಿ, ಹಳೆಯ ಮನೆಗಳಲ್ಲಿ ಮಳೆಗೆ ಬಾಗಿಲು ಉಬ್ಬಿ ಅದು ಕೂರುವುದಿಲ್ಲ.