ಸೇವ್ ಎಲ್ಲೂ ಹೋಗಿಲ್ಲ, ಮೊದಲು ಅದನ್ನು ಹುಡುಕಿ

ಸೋಮವಾರಪೇಟೆಯವರೇ, ಆ ಲ್ಯಾಪ್‌ಟಾಪ್‌ನಲ್ಲಿ ಸದ್ಯಕ್ಕೆ ಏನನ್ನೂ ಅನ್‌ಇನ್‌ಸ್ಟಾಲ್ ಮಾಡಬೇಡಿ. ಉಳಿಸಿಟ್ಟ ಆಟ (ಸೇವ್) ಕಾಣುತ್ತಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಮೇಲೆ ಇಬ್ಬರು "ಆಟ ತೆಗೆದು ಮತ್ತೆ ಹಾಕಿ, ಆಗದಿದ್ದರೆ ಫಾರ್ಮ್ಯಾಟ್ ಮಾಡಿಸಿ" ಎಂದು ಬರೆದಿದ್ದಾರೆ. ಒಳ್ಳೆ ಮನಸ್ಸಿನಿಂದಲೇ ಬರೆದಿರುತ್ತಾರೆ, ಆದರೆ ಅದೊಂದು ಮಾತ್ರ ಬೇಡ. ನೀವು ಹೇಳಿದ್ದು ಇಷ್ಟು: ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಹಳೆ ಆಟ ಮಾಸ್ಟರ್ ಆಫ್ ಓರಿಯನ್ 2 ಅನ್ನು ಸಿಡಿಯಿಂದ ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಿದ್ದೀರಿ, ವಿಂಡೋಸ್ 95 ಕಂಪ್ಯಾಟಿಬಿಲಿಟಿ ಟಿಕ್ ಮಾಡಿ ಎರಡು ವಾರ ಆಡಿದ್ದೀರಿ, ಬಣ್ಣ ಕೆಟ್ಟು ಪರದೆ ನೇರಳೆ ಹಸಿರು ಆಗುತ್ತದೆ ಎಂದು ಯಾರದೋ ಮಾತು ಕೇಳಿ ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ಟಿದ್ದೀರಿ, ಅವತ್ತಿನಿಂದ ಸೇವ್ ಪಟ್ಟಿ ಖಾಲಿ. ನಾನೂ 2014ರ ಮಳೆಗಾಲದಲ್ಲಿ ಹೀಗೇ ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಿ ಆಡಿದ್ದೆ. ನನ್ನದು ಸಿಗಲಿಲ್ಲ. ನಿಮ್ಮದು ಸಿಗುವ ಸಾಧ್ಯತೆ ಜಾಸ್ತಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಗಿರುವುದು ಏನೆಂದರೆ, ವಿಸ್ಟಾ ಎಂಬ ಆವೃತ್ತಿ ಬಂದಾಗಿನಿಂದ ವಿಂಡೋಸ್ ಪ್ರೋಗ್ರಾಂ ಫೈಲ್ಸ್ ಒಳಗೆ ಹಳೆ ಆಟಗಳಿಗೆ ಬರೆಯಲು ಬಿಡುವುದಿಲ್ಲ. ಹಾಗಂತ ತಡೆಯುವುದೂ ಇಲ್ಲ. ಆಟ ಬರೆದ ಫೈಲನ್ನು ಸದ್ದಿಲ್ಲದೆ ಬೇರೆ ಕಡೆ ಒಯ್ದು ಇಡುತ್ತದೆ, ಮತ್ತೆ ಆಟ ಕೇಳಿದಾಗ ಅಲ್ಲಿಂದಲೇ ತಂದು ಕೊಡುತ್ತದೆ. ಆಟಕ್ಕೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಆದರೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಈ ಏರ್ಪಾಡು ಇಲ್ಲ, ಆಟ ನಿಜವಾದ ಫೋಲ್ಡರನ್ನೇ ನೋಡುತ್ತದೆ, ಅಲ್ಲಿ ನಿಮ್ಮ ಸೇವ್ ಇಲ್ಲವೇ ಇಲ್ಲ. ಹಾಗಾಗಿ ಮೊದಲು ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ. ಆಮೇಲೆ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರಿನ ಫೋಲ್ಡರ್, ಆಪ್‌ಡೇಟಾ, ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್. ಅಲ್ಲಿ ಪ್ರೋಗ್ರಾಂ ಫೈಲ್ಸ್ ಎಂದೇ ಇನ್ನೊಂದು ಫೋಲ್ಡರ್ ಇರುತ್ತದೆ, ಒಳಗೆ ಆಟದ ಹೆಸರು. ಸೇವ್ ಎಂದು ಶುರುವಾಗಿ ಜಿಎಎಂ ಎಂದು ಮುಗಿಯುವ ಫೈಲ್‌ಗಳು ಇದ್ದರೆ ಅವೇ ನಿಮ್ಮವು. ಹತ್ತನೆಯದು ಆಟ ತಾನಾಗಿ ಮಾಡಿಕೊಳ್ಳುವ ಆಟೋಸೇವ್. ಎಲ್ಲವನ್ನೂ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಕಟ್ ಮಾಡಬೇಡಿ, ಕಾಪಿ.

ನನ್ನ ಕಥೆ ಹೇಳಿಬಿಡುತ್ತೇನೆ, ಇನ್ನೊಬ್ಬರಿಗೆ ಹೀಗಾಗಬಾರದು. ನಮ್ಮದು ನಾಪೋಕ್ಲು ಕಡೆ. ತಮ್ಮ ಮಿಲಿಟರಿಯಲ್ಲಿದ್ದಾನೆ. ಆ ವರ್ಷ ಕಕ್ಕಡದ (ಜುಲೈ ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲೇ ಅವನಿಗೆ ರಜೆ ಸಿಕ್ಕಿತ್ತು. ನಾಟಿ ಮುಗಿದಿತ್ತು, ತೋಟಕ್ಕೆ ಕಾಲಿಡುವ ಹಾಗಿರಲಿಲ್ಲ. ಇಬ್ಬರೂ ಒಂದೇ ಕಂಪ್ಯೂಟರ್ ಮುಂದೆ ಕೂತು ಸರದಿಯ ಮೇಲೆ ಆಡುವ ಹಾಟ್ ಸೀಟ್ ಶುರು ಮಾಡಿದೆವು. ದೊಡ್ಡ ಗ್ಯಾಲಕ್ಸಿ, ಎಂಟು ಜನಾಂಗ, ಅವನು ಸಿಲಾನ್, ನಾನು ಸಕ್ರಾ. ಅವನ ಸರದಿ ಬಂದಾಗ ನಾನು ಎದ್ದು ಹೋಗಿ ಕಾಫಿ ಕಾಯಿಸುವುದು, ನನ್ನ ಸರದಿಗೆ ಅವನು ಎದ್ದು ಬಾಗಿಲ ಹತ್ತಿರ ನಿಂತು ಮಳೆ ನೋಡುವುದು. ಇಪ್ಪತ್ತು ದಿನ ಹೀಗೇ ನಡೆಯಿತು. ಅವನು ಓರಿಯನ್ ಕಾಯುವ ಗಾರ್ಡಿಯನ್‌ನನ್ನು ಹೊಡೆದು ಅವೆಂಜರ್ ಹಡಗು ಪಡೆದಿದ್ದ, ಆಂಟಾರನ್ನರು ಎಂಬ ಶತ್ರುಗಳು ಎರಡು ಸಲ ಬಂದು ನನ್ನ ಒಂದು ವಸಾಹತನ್ನು ಹಾಳು ಮಾಡಿ ಹೋಗಿದ್ದರು. ರಜೆ ಮುಗಿಯಿತು. ಹೊರಡುವ ಬೆಳಿಗ್ಗೆ ಅವನು ಕಾಫಿ ತೂಕದ ಚೀಟಿಯೊಂದರ ಹಿಂದೆ ಪೆನ್ಸಿಲ್‌ನಲ್ಲಿ ತನ್ನ ಮುಂದಿನ ಐದು ನಡೆ ಬರೆದು, ಮಡಿಸಿ, "ನೋಡಬೇಡ, ಮುಂದಿನ ರಜೆಗೆ ಮುಗಿಸೋಣ" ಎಂದು ಕೊಟ್ಟು ಹೋದ.

ಎರಡು ತಿಂಗಳಿಗೆ ಕಂಪ್ಯೂಟರ್ ಆನ್ ಆಗುವುದೇ ನಿಂತಿತು. ಅಂಗಡಿಗೆ ಒಯ್ದೆ. ಫಾರ್ಮ್ಯಾಟ್ ಮಾಡಬೇಕು ಎಂದರು. ನಾನು ಬುದ್ಧಿವಂತಿಕೆಯಿಂದಲೇ ಪ್ರೋಗ್ರಾಂ ಫೈಲ್ಸ್ ಒಳಗಿನ ಆಟದ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿಸಿಕೊಂಡೆ, ಅದೇ ಸಾಕು ಎಂದು ನಂಬಿದ್ದೆ. ಮನೆಗೆ ಬಂದು ತೆರೆದು ನೋಡಿದರೆ ಒಂದೇ ಒಂದು ಸೇವ್ ಇಲ್ಲ. ವರ್ಚುವಲ್‌ಸ್ಟೋರ್ ಎಂಬ ಹೆಸರು ನನಗೆ ಗೊತ್ತಾದದ್ದು ಅದಾದ ಮೇಲೆ. ಆ ಚೀಟಿ ಇನ್ನೂ ಮೇಜಿನ ಡ್ರಾಯರ್‌ನಲ್ಲಿ ಮಡಿಸಿದ ಹಾಗೇ ಇದೆ.

ಈಗ ಮುಂದಿನದು. ಆಟ ತೆರೆಯುವ ಆ ಓರಿಯನ್95 ಎಂಬ ಫೈಲನ್ನು ಬಿಟ್ಟುಬಿಡಿ, ಅದು ವಿಂಡೋಸ್‌ನದು. 1996ರಲ್ಲಿ ಈ ಆಟ ಬಂದಾಗ ವಿಂಡೋಸ್‌ಗಿಂತ ಹಳೆಯದಾದ ಡಾಸ್‌ಗೂ ವಿಂಡೋಸ್ 95ಕ್ಕೂ ಎರಡು ಬೇರೆ ಬೇರೆ ಇಎಕ್ಸ್‌ಇ (ಆಟ ಓಡಿಸುವ ಫೈಲ್) ಕೊಟ್ಟಿದ್ದರು. ಅದೇ ಫೋಲ್ಡರ್‌ನಲ್ಲಿ ಓರಿಯನ್2 ಎಂದು ಪಕ್ಕದಲ್ಲೇ ಇರುತ್ತದೆ ನೋಡಿ, ಡಾಸ್‌ನದು ಅದು. ಜನ ವಿಂಡೋಸ್‌ನದ್ದೇ ಹೊಸದು, ಅದೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಇವತ್ತಿನ ಕಂಪ್ಯೂಟರ್‌ನಲ್ಲಿ ಅದು ಪೂರ್ತಿ ಉಲ್ಟಾ. ವಿಂಡೋಸ್‌ನದು 256 ಬಣ್ಣಕ್ಕಾಗಿ ಇಂದಿನ ವಿಂಡೋಸ್ ಜೊತೆ ಜಗಳ ಆಡುತ್ತಲೇ ಇರುತ್ತದೆ. ನಾನು ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸ್‌ಪ್ಲೋರರನ್ನೇ ನಿಲ್ಲಿಸಿ ಆಡುತ್ತಿದ್ದೆ, ಬಣ್ಣ ಸರಿಯಾಗುತ್ತಿತ್ತು, ಆದರೆ ಅದು ದಿನಾ ಮಾಡುವ ಕೆಲಸವೇ? ಡಾಸ್‌ನದ್ದನ್ನು ಡಾಸ್‌ಬಾಕ್ಸ್ ಎಂಬ, ಹಳೆ ಕಂಪ್ಯೂಟರನ್ನು ನಕಲು ಮಾಡುವ ಪ್ರೋಗ್ರಾಂ ಒಳಗೆ ಹಾಕಿದರೆ ಅದಕ್ಕೆ ಬೇಕಾದ ಹಳೆ ಯಂತ್ರವೇ ಸಿಗುತ್ತದೆ, ಆ ಕಾಲದ ಸೌಂಡ್ ಬ್ಲಾಸ್ಟರ್ ಧ್ವನಿ ಕಾರ್ಡ್ ಸಮೇತ. ಕಂಪ್ಯಾಟಿಬಿಲಿಟಿ ಟಿಕ್ ಯಾವುದೂ ಬೇಡ, ಅಡ್ಮಿನಿಸ್ಟ್ರೇಟರ್ ಬೇಡ. ಅಭಿಮಾನಿಗಳು ಮಾಡಿದ 1.50 ಪ್ಯಾಚ್ (ಆಟದ ತಿದ್ದುಪಡಿ) ಕೂಡ ಡಾಸ್ ಆವೃತ್ತಿಗೇ. ಆದರೆ ಈಗ ನಡೆಯುತ್ತಿರುವ ಆಟದ ನಡುವೆ ಪ್ಯಾಚ್ ಹಾಕಬೇಡಿ, ಅದು ಮುಗಿಯಲಿ. ನಿಮ್ಮ ಹಳೆ ಸೇವನ್ನು ಹೊಸ ಫೋಲ್ಡರ್‌ಗೆ ಒಂದು ಕಾಪಿ ಹಾಕಿ ತೆರೆದು ನೋಡಿ. ತೆರೆದುಕೊಂಡರೆ ಅಲ್ಲೇ ಮುಂದುವರಿಸಿ, ಇಲ್ಲಾಂದ್ರೆ ಆ ಒಂದು ಆಟವನ್ನು ಹಳೆ ಜಾಗದಲ್ಲೇ ಅಡ್ಮಿನಿಸ್ಟ್ರೇಟರ್ ಟಿಕ್ ತೆಗೆದು ಮುಗಿಸಿ.

ಫೋಲ್ಡರ್ ಎಲ್ಲಿಡಬೇಕು ಎಂದರೆ, ಡಿ ಡ್ರೈವ್‌ನಲ್ಲಿ ನೇರವಾಗಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಎಂಟಕ್ಷರದೊಳಗೆ, ನಡುವೆ ಜಾಗ ಇಲ್ಲದೆ. ಫೋಲ್ಡರ್‌ಗೆ ಕನ್ನಡದ ಹೆಸರಿಡಬೇಕು ಎಂದು ನನಗೂ ಆಸೆ, ಡಾಸ್‌ಗೆ ಅದು ಅರ್ಥವಾಗುವುದಿಲ್ಲ. ಡಾಕ್ಯುಮೆಂಟ್ಸ್ ಒಳಗೂ ಇಡಬೇಡಿ, ಒನ್‌ಡ್ರೈವ್ ಆನ್ ಇದ್ದರೆ ಆಟ ನಡೆಯುತ್ತಿರುವಾಗಲೇ ಅದು ಫೈಲ್‌ಗೆ ಕೈ ಹಾಕುತ್ತದೆ. ಡಾಸ್‌ಬಾಕ್ಸ್‌ನಲ್ಲಿ ಮೌಂಟ್ ಮಾಡಿದ, ಅಂದರೆ ಡ್ರೈವ್ ಎಂದು ತೋರಿಸಿಕೊಟ್ಟ ಫೋಲ್ಡರ್‌ನಲ್ಲೇ ಸೇವ್ ಬೀಳುತ್ತದೆ, ಬೇರೆ ಎಲ್ಲೂ ಇಲ್ಲ. ನನಗೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇರೆ ಇಲ್ಲ.

ನಾನು ಯಾರಿಗೂ ಹೇಳದೆ ಬಿಡದ ಒಂದು ಉಪಾಯ ಇದೆ. ಡಾಸ್‌ಬಾಕ್ಸ್‌ನ ಕಾನ್ಫಿಗ್ ಫೈಲ್ ತೆರೆದರೆ ಕಟ್ಟಕಡೆಗೆ ಆಟೋಎಕ್ಸೆಕ್ ಎಂಬ ಭಾಗ ಇರುತ್ತದೆ. ಎಲ್ಲರೂ ಅಲ್ಲಿ ಮೌಂಟ್ ಸಾಲು, ಆಟದ ಹೆಸರು, ಎಕ್ಸಿಟ್, ಇಷ್ಟು ಬರೆದು ನಿಲ್ಲಿಸುತ್ತಾರೆ. ನೀವು ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಅದನ್ನೂ ಇ ಎಂದು ಮೌಂಟ್ ಮಾಡಿ. ಆಮೇಲೆ ಆಟದ ಹೆಸರಿಗೂ ಎಕ್ಸಿಟ್‌ಗೂ ನಡುವೆ ಒಂದು ಕಾಪಿ ಸಾಲು ಸೇರಿಸಿ: ಸೇವ್ ಎಂದು ಶುರುವಾಗುವ ಎಲ್ಲ ಜಿಎಎಂ ಫೈಲ್ ಇ ಡ್ರೈವ್‌ಗೆ. ಆಟದಿಂದ ಹೊರಬಂದ ಕೂಡಲೇ ತಾನಾಗಿ ಕಾಪಿ ಆಗಿ ಮುಚ್ಚಿಕೊಳ್ಳುತ್ತದೆ. ಆದರೆ ಇದಕ್ಕೆ ಷರತ್ತುಗಳಿವೆ. ಆಟದ ಮೆನುವಿನಿಂದ ಕ್ವಿಟ್ ಕೊಟ್ಟೇ ಹೊರಬರಬೇಕು, ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆ ಒತ್ತಿದರೆ ಅಥವಾ ಕಂಟ್ರೋಲ್ ಎಫ್9 ಒತ್ತಿದರೆ ಡಾಸ್‌ಬಾಕ್ಸ್ ಅಲ್ಲೇ ಸಾಯುತ್ತದೆ, ಕಾಪಿ ಆಗುವುದಿಲ್ಲ. ಪೆನ್‌ಡ್ರೈವ್‌ನ ಅಕ್ಷರ ವಿಂಡೋಸ್‌ನಲ್ಲಿ ಬದಲಾದರೆ ಮೌಂಟ್ ಆಗುವುದಿಲ್ಲ, ಹಾಗಾಗಿ ವಾರಕ್ಕೊಮ್ಮೆ ಪೆನ್‌ಡ್ರೈವ್ ತೆರೆದು ತಾರೀಖು ನೋಡಿ. ಮತ್ತೆ, ಇದು ಹಳೆಯದರ ಮೇಲೇ ಬರೆಯುತ್ತದೆ. ಸೇವ್ ಕೆಟ್ಟಿದ್ದರೆ ಕೆಟ್ಟದ್ದೇ ಕಾಪಿ ಆಗುತ್ತದೆ. ಅದಕ್ಕೇ ಒಂದೇ ಸ್ಲಾಟ್‌ನಲ್ಲಿ ಸೇವ್ ಮಾಡಬೇಡಿ, ಮೂರು ಸ್ಲಾಟ್ ಇಟ್ಟುಕೊಂಡು ಸುತ್ತು ಹಾಕಿ. ಬೀದಿಯಲ್ಲಿ ಮಾರುವ ಅಗ್ಗದ ಪೆನ್‌ಡ್ರೈವ್ ಬೇಡವೇ ಬೇಡ. ಸೇವ್ ಫೈಲ್ ತೀರ ಚಿಕ್ಕದು, ಜಾಗ ಜಾಸ್ತಿ ಬೇಕಿಲ್ಲ, ನಂಬಿಕೆ ಬೇಕು.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ, ನಿಮಗೂ ಗೊತ್ತಿರುವುದೇ. ಮರ ಬಿತ್ತೆಂದರೆ ಎರಡು ದಿನ. ಯುಪಿಎಸ್ ಮೇಲೆ ಆಡುವಾಗ ಡಾಸ್‌ಬಾಕ್ಸ್‌ನ ಸೈಕಲ್ಸ್ (ವೇಗದ ಲೆಕ್ಕ) ಆಟೋದಲ್ಲಿ ಬಿಡಬೇಡಿ. ಇಂಥ ಆಟಕ್ಕೆ ಆಟೋ ಎಂದರೆ ಸಿಕ್ಕಷ್ಟೂ ಎಳೆದುಕೊಳ್ಳುವುದು, ಪ್ರೊಸೆಸರ್‌ನ ಒಂದು ಕೋರ್ ಪೂರ್ತಿ ದುಡಿಯುತ್ತಲೇ ಇರುತ್ತದೆ, ಫ್ಯಾನ್ ಕೂಗುತ್ತದೆ, ಬ್ಯಾಟರಿ ಇಳಿಯುತ್ತದೆ. 30000ಕ್ಕೆ ಗಟ್ಟಿ ಮಾಡಿ ನೋಡಿ. ಯುದ್ಧದ ಪರದೆ ತಡವರಿಸಿದರೆ ಆಡುತ್ತಿರುವಾಗಲೇ ಕಂಟ್ರೋಲ್ ಎಫ್12 ಒತ್ತುತ್ತಾ ಏರಿಸಿ, ಜಾಸ್ತಿಯಾದರೆ ಕಂಟ್ರೋಲ್ ಎಫ್11. ಮೊದಲನೆಯ ಮಾಸ್ಟರ್ ಆಫ್ ಓರಿಯನ್‌ಗೆ, 1993ರದ್ದು, ಇನ್ನೂ ಕಡಿಮೆ ಸಾಕು.

ಮೊದಲನೆಯದರ ಮಾತು ಬಂತು, ಅದನ್ನು ಆಡುವವರು ಡಾಸ್‌ಬಾಕ್ಸ್ ಕಾನ್ಫಿಗ್‌ನ ಆಸ್ಪೆಕ್ಟ್ ಎಂಬ ಸಾಲನ್ನು ಟ್ರೂ ಮಾಡಲೇಬೇಕು. ಅದರ ಚಿತ್ರ 320ಕ್ಕೆ 200, ಆಗಿನ ಮಾನಿಟರ್ ಅದನ್ನು ಎತ್ತರಕ್ಕೆ ಎಳೆದು ತೋರಿಸುತ್ತಿತ್ತು. ಹಾಗೇ ಬಿಟ್ಟರೆ ಗ್ರಹಗಳೆಲ್ಲ ಲಾರಿಯಲ್ಲಿ ಅಡಿಗೆ ಸಿಕ್ಕಿದ ಕಿತ್ತಳೆಯ ಹಾಗೆ ಚಪ್ಪಟೆ. ಟ್ರೂ ಮಾಡಿದರೆ ದುಂಡಗೆ ಬರುತ್ತವೆ. ಎರಡನೆಯದು 640ಕ್ಕೆ 480, ಅದರಲ್ಲಿ ಈ ತೊಂದರೆ ಇಲ್ಲ, ಪರದೆಯ ಎರಡು ಬದಿ ಕಪ್ಪು ಪಟ್ಟಿ ಬಂದರೆ ಅದು ಸರಿಯೇ, ಎಳೆದು ತುಂಬಿಸಬೇಡಿ.

ಸಿಡಿ ಬಗ್ಗೆ. ನಿಮ್ಮ ಸಿಡಿಯಲ್ಲಿ ಬಿಳಿ ಚುಕ್ಕೆ ಎಂದಿರಲ್ಲ, ಅದು ಬೂಷ್ಟು. ನಮ್ಮ ಊರಿನ ಜುಲೈ ಆಗಸ್ಟ್‌ನಲ್ಲಿ ಚಪ್ಪಲಿಗೇ ಹಿಡಿಯುತ್ತದೆ, ಸಿಡಿಗೆ ಹಿಡಿಯುವುದಿಲ್ಲವೇ? ಮೆತ್ತಗಿನ ಒದ್ದೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ಸುತ್ತು ಒರೆಸಬೇಡಿ. ಗೀರು ಅಡ್ಡಕ್ಕೆ ಬಿದ್ದರೆ ಓದಿಕೊಳ್ಳಬಹುದು, ವೃತ್ತವಾಗಿ ಸುತ್ತ ಬಿದ್ದರೆ ಕಷ್ಟ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸುವ ಯೋಚನೆ ಬೇಡ, ಬಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಸಿಡಿ ಇನ್ನೂ ಓದುತ್ತಿರುವಾಗಲೇ ಅದರ ಇಮೇಜ್ (ಕಂಪ್ಯೂಟರ್‌ನಲ್ಲಿ ಪೂರ್ತಿ ನಕಲು) ಮಾಡಿಕೊಳ್ಳಿ, ಅದಕ್ಕೆ ನಾನು ಇಮ್ಗ್‌ಬರ್ನ್ ಎಂಬ ಪ್ರೋಗ್ರಾಂ ಬಳಸುತ್ತೇನೆ. ಇಲ್ಲೂ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ಐಎಸ್‌ಒ ಎಂಬ ಬಗೆಯ ನಕಲು ಮಾಡಿ ಸಿಡಿ ಎಸೆಯುತ್ತಾರೆ. ಆ ಕಾಲದ ಕೆಲವು ಆಟಗಳ ಹಾಡು ಸಿಡಿಯಲ್ಲೇ ಆಡಿಯೋ ಟ್ರ್ಯಾಕ್ ಆಗಿ ಇರುತ್ತದೆ, 1997ರ ಟೋಟಲ್ ಅನಾಯಿಲೇಶನ್ ಹಾಗೇ. ಐಎಸ್‌ಒದಲ್ಲಿ ಅದು ಬರುವುದಿಲ್ಲ, ಬಿನ್ ಮತ್ತು ಕ್ಯೂ ಎಂಬ ಎರಡು ಫೈಲ್‌ಗಳ ಜೋಡಿಯೇ ಮಾಡಬೇಕು.

ಸಿಡಿ ಪೂರ್ತಿ ಹೋಗಿದ್ದರೆ ಆಟ ಮಾರುವ ಗಾಗ್ (GOG) ಸೈಟ್‌ನಲ್ಲಿ ಕೊಂಡುಕೊಳ್ಳಿ. ಒಂದು ಎರಡು ಒಟ್ಟಿಗೇ ಬರುತ್ತವೆ, ಡಾಸ್‌ಬಾಕ್ಸ್ ಜೊತೆಗೇ ಇರುತ್ತದೆ, ಸೇಲ್‌ನಲ್ಲಿ ಕೊಂಡರೆ ದೊಡ್ಡ ದುಡ್ಡಲ್ಲ. ಇನ್ನೊಂದು ಅಂಗಡಿ ಸ್ಟೀಮ್ ಕೆಟ್ಟದ್ದು ಎನ್ನುವುದಿಲ್ಲ, ಆದರೆ ನೆಟ್ ಇಲ್ಲದ ಮನೆಗೆ ಗಾಗ್‌ನ ಆಫ್‌ಲೈನ್ ಇನ್‌ಸ್ಟಾಲರ್ ವಾಸಿ, ಕುಶಾಲನಗರಕ್ಕೆ ಹೋದಾಗ ಇಳಿಸಿಕೊಂಡು ಬಂದರೆ ಆಯಿತು. ಸಿಡಿ ಇಲ್ಲದೆ ಓಡುವ ಇಎಕ್ಸ್‌ಇ ಎಂದು ಸಿಕ್ಕ ಸಿಕ್ಕ ಸೈಟ್‌ನಿಂದ ಇಳಿಸಬೇಡಿ ಮಾರಾಯರೇ. ಸೇಫ್‌ಡಿಸ್ಕ್ ಎಂಬ ನಕಲು ತಡೆ ಇದ್ದ ಸಿಡಿಗಳು ವಿಂಡೋಸ್ 10ರಲ್ಲಿ ಓಡುವುದಿಲ್ಲ ಎಂದು ಸಿಟ್ಟು ಬರುತ್ತದೆ ನಿಜ, ಅದಕ್ಕೆ ವೈರಸ್ ಪರಿಹಾರವಲ್ಲ.

ಇನ್ನೊಬ್ಬರು ಸ್ಟಾರ್ಸ್ (Stars!) ಎಂಬ ಬಾಹ್ಯಾಕಾಶದ ಆಟ ತೆರೆಯುವುದಿಲ್ಲ ಎಂದು ಕೇಳಿದ್ದರು. ಅದು 16 ಬಿಟ್ ಪ್ರೋಗ್ರಾಂ, 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದೇ ಇಲ್ಲ, ಕಂಪ್ಯಾಟಿಬಿಲಿಟಿ ಎಷ್ಟು ಟಿಕ್ ಮಾಡಿದರೂ ಅಷ್ಟೇ. 16 ಬಿಟ್ ಪ್ರೋಗ್ರಾಂ ಓಡಿಸಿಕೊಡುವ ಓಟಿವಿಡಿಎಂ (otvdm) ಹಾಕಿ, ಅಥವಾ ಡಾಸ್‌ಬಾಕ್ಸ್ ಒಳಗೆ ವಿಂಡೋಸ್ 3.1 ಹಾಕಿ ಅದರಲ್ಲಿ ಓಡಿಸಿ. ಲಿನಕ್ಸ್ ಇದ್ದವರಿಗೆ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್ ಸಾಕು. ಕಷ್ಟಪಟ್ಟು ಹಾಕಲು ಕಾರಣ ಇದೆ: ಅದರಲ್ಲಿ ಹದಿನಾರು ಜನ ಆಡಬಹುದು, ಒಬ್ಬೊಬ್ಬರ ನಡೆ ಒಂದು ಪುಟ್ಟ ಫೈಲ್, ಅದನ್ನು ಮೇಲ್ ಮಾಡಿದರೆ ಮುಗಿಯಿತು. ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಹೋಗುತ್ತದೆ. ತಮ್ಮನ ಜೊತೆ ಈಗ ನಾನು ಆಡುವುದು ಅದನ್ನೇ. ಅವನು ಎಲ್ಲಿದ್ದರೂ ವಾರಕ್ಕೆ ಎರಡು ನಡೆ ಬರುತ್ತದೆ, ಎಲ್ಲರ ನಡೆ ಸೇರಿಸುವ ಹೋಸ್ಟ್ ಫೈಲ್ ನನ್ನ ಹತ್ತಿರ, ಮೂರು ಕಡೆ ಕಾಪಿ ಇಟ್ಟಿದ್ದೇನೆ.

ಹೋಮ್‌ವರ್ಲ್ಡ್ ಎಂಬ ಬಾಹ್ಯಾಕಾಶ ಯುದ್ಧದ ಆಟ ಕೇಳಿದವರಿಗೆ ಒಂದೇ ಮಾತು, 2015ರ ರೀಮಾಸ್ಟರ್ಡ್ (ಹೊಸದಾಗಿ ಮಾಡಿದ್ದು) ಕೊಂಡರೆ ಅದರ ಜೊತೆ ಹಳೆಯ ಕ್ಲಾಸಿಕ್ ಕೂಡ ಬರುತ್ತದೆ, ಮೊದಲು ಕ್ಲಾಸಿಕ್ ಆಡಿ. ರೀಮಾಸ್ಟರ್ಡ್ ಚಂದ ಇದೆ, ಆದರೆ ಚಿಕ್ಕ ಹಡಗುಗಳ ಇಂಧನದ ಲೆಕ್ಕವನ್ನೇ ತೆಗೆದುಬಿಟ್ಟಿದ್ದಾರೆ, 1999ರ ಆಟದಲ್ಲಿ ಅರ್ಧ ಯೋಚನೆ ಅಲ್ಲೇ ಇತ್ತು.

ಸೋಮವಾರಪೇಟೆಯವರೇ, ವರ್ಚುವಲ್‌ಸ್ಟೋರ್‌ನಲ್ಲಿ ಎಷ್ಟು ಫೈಲ್ ಸಿಕ್ಕಿತು, ಯಾವ ತಾರೀಖಿನದು ಎಂದು ಇವತ್ತೇ ಇಲ್ಲಿ ಬರೆಯಿರಿ. ಸಿಕ್ಕಿದ ಕೂಡಲೇ ಆಡಲು ಕೂರಬೇಡಿ, ಮೊದಲು ಪೆನ್‌ಡ್ರೈವ್. ಆ ಹೆಸರಿನ ಫೋಲ್ಡರೇ ಕಾಣದಿದ್ದರೆ ಸುಮ್ನೆ ಬಿಡಬೇಡಿ, ಆ ಲ್ಯಾಪ್‌ಟಾಪ್‌ನಲ್ಲಿ ಬೇರೆ ಯಾರದ್ದಾದರೂ ಯೂಸರ್ ಇದೆಯಾ ನೋಡಿ. ಮಕ್ಕಳ ಲಾಗಿನ್‌ನಲ್ಲಿ ಆಡಿದ್ದರೆ ಅವರ ಆಪ್‌ಡೇಟಾದಲ್ಲಿ ಇರುತ್ತದೆ.