ದೊಡ್ಡ ಆಸ್ಪತ್ರೆ ಆಗುವವರೆಗೆ ಏನು ಮಾಡೋದು?

ಕುಮಟಾದಿಂದ ಒಬ್ಬ ಓದುಗರು ಬರೆದಿದ್ದಾರೆ: "ನಮ್ಮನೆಯವರು ಆಟೋ ಓಡಿಸ್ತಾರೆ. ಬೆಳಿಗ್ಗೆಯೇ ಎದೆ ಹಿಡಿದುಕೊಂಡಿತ್ತು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಸಂಜೆವರೆಗೆ ಬಾಡಿಗೆ ಹೊಡೆದರು. ರಾತ್ರಿ ಮಣಿಪಾಲಕ್ಕೆ ಒಯ್ದೆವು, ಜೀವ ಉಳಿಯಿತು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ನೀವು ಬರೀತಾನೇ ಇದ್ದೀರಿ. ಅದು ಆಗುವವರೆಗೆ ನಮ್ಮಂಥವರು ಏನು ಮಾಡಬೇಕು, ಅದನ್ನೂ ಬರೀರಿ."

ಅಕ್ಕಾ, ನಿಮ್ಮನೆಯವರು ಉಳಿದರಲ್ಲ, ಮೊದಲು ಅದೇ ದೊಡ್ಡ ಸಮಾಧಾನ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅನ್ನುವ ವಿಷಯ ನಾವು ಬಿಡುವುದಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಆಮೇಲೆ ಜಿಲ್ಲೆಯ ಹುಡುಗರು ಎತ್ತಿದ ಕೂಗು ಬೆಂಗಳೂರಿಗೂ ಕೇಳಿಸಿತು. 2024ರ ಮಳೆಗಾಲ ನೆನಪಿದೆ ಅಲ್ವಾ? ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು, ಆಗಸ್ಟ್ 7ಕ್ಕೆ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಒಂದೇ ಮಳೆಗಾಲದಲ್ಲಿ ಮಂಗಳೂರು ಕಡೆಯ ದಾರಿಗೂ ಗೋವಾ ಕಡೆಯ ದಾರಿಗೂ ಪೆಟ್ಟು. ಬೇರೆ ಜಿಲ್ಲೆಯ ಆಸ್ಪತ್ರೆಯನ್ನೇ ನಂಬಿ ಕೂತರೆ ಮಳೆಗಾಲದಲ್ಲಿ ನಮ್ಮ ಗತಿ ಏನು?

ಆದರೆ ನಿಮ್ಮ ಪತ್ರ ಓದುವಾಗ ನನಗೆ ಜಾಸ್ತಿ ಸಂಕಟ ಆದದ್ದು ಆ ಇಡೀ ಹಗಲಿನ ಬಗ್ಗೆ. ಬೆಳಿಗ್ಗೆ ನೋವು ಬಂದ ಮನುಷ್ಯ ಸಂಜೆವರೆಗೆ ಯಾಕೆ ದುಡಿದರು? ಆಟೋದ ಕಂತು ಇರುತ್ತದೆ, ಶಾಲೆ ಮಕ್ಕಳ ಟ್ರಿಪ್ ಇರುತ್ತದೆ, ಒಂದು ದಿನ ಗಾಡಿ ನಿಂತರೆ ಮನೆ ಖರ್ಚು ಕೈ ಕಚ್ಚುತ್ತದೆ. ಸಿರ್ಸಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಸುಲಿಯುವ ಹೆಂಗಸರದ್ದೂ ಇದೇ ಪಾಡು. ಸುಲಿದಷ್ಟಕ್ಕೇ ಕೂಲಿ, ಹಾಗಾಗಿ ಸೊಂಟ ಹಿಡಿದರೂ, ತಲೆ ಸುತ್ತಿದರೂ ಎದ್ದು ಹೋಗುವುದಿಲ್ಲ. ಬೋಟಿಗೆ ಹೋಗುವವರು ಶುಗರ್ ತೋರಿಸುವುದನ್ನೂ ಜೂನ್ ಒಂದರಿಂದ ಮೀನುಗಾರಿಕೆ ನಿಲ್ಲುವ ಆ ಎರಡು ತಿಂಗಳಿಗೆ ಮುಂದೂಡುತ್ತಾರೆ. ಕಾಯಿಲೆ ಜೂನ್‌ವರೆಗೆ ಕಾಯುತ್ತದಾ?

ದೂರ ನಮ್ಮ ಕೈಯಲ್ಲಿಲ್ಲ. ಈ ತಡವಾದರೂ ಸ್ವಲ್ಪ ನಮ್ಮ ಕೈಯಲ್ಲಿದೆ.

ಎದೆ ನಡುವೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು, ಏದುಸಿರು: ಇಂಥದ್ದು ಕಂಡರೆ ಗ್ಯಾಸ್ಟ್ರಿಕ್ ಅಂತ ನಾವೇ ತೀರ್ಮಾನ ಮಾಡಬಾರದು. ಶುಗರ್ ಇದ್ದವರಿಗೆ, ಹೆಂಗಸರಿಗೆ ಕೆಲವು ಸಲ ನೋವೇ ಇರುವುದಿಲ್ಲ, ಬರೀ ಸುಸ್ತು, ಉಸಿರಾಟದ ಕಷ್ಟ. ಗಾಡಿ ತಾವೇ ಓಡಿಸಬಾರದು. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಸಿಗುತ್ತದೆ. ಅದು ಬೇಕೋ ಬೇಡವೋ ಅಂತ ಇಸಿಜಿ ನೋಡಿ ವೈದ್ಯರು ಹೇಳುತ್ತಾರೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಹೃದಯ ಉಳಿಯುತ್ತದೆ.

ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಅದರ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಎಣ್ಣೆ ತಿಕ್ಕುತ್ತಾ ಕೂರಬೇಡಿ, ಸ್ಕ್ಯಾನ್ ಇರುವ ಕಡೆ ಹೊರಡಿ.

ಬಿಪಿ, ಶುಗರ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡುತ್ತಾರೆ. ಹೋಗುವುದಕ್ಕೆ ಅರ್ಧ ದಿನ ಬೇಕು, ಅಷ್ಟೇ. ಆ ಅರ್ಧ ದಿನದ ಕೂಲಿ ಕತ್ತರಿಸಬೇಡಿ ಅಂತ ತೋಟದವರಿಗೆ, ಬೋಟಿನ ಮಾಲೀಕರಿಗೆ, ಅಂಗಡಿ ಸಾಹುಕಾರರಿಗೆ ಕೈಮುಗಿದು ಕೇಳುತ್ತೇನೆ. ನಿಮ್ಮಲ್ಲಿ ವರ್ಷಗಟ್ಟಲೆ ದುಡಿದವರು ಅವರು. ಇದನ್ನು ದಾನ ಅಂದುಕೊಳ್ಳಬೇಡಿ, ಕೊಡಬೇಕಾದದ್ದೇ.

ಅಕ್ಕಾ, ಮಾತ್ರೆ ಮಾತ್ರ ತಪ್ಪಿಸಬೇಡಿ. ಆರಾಮ ಆಯ್ತು ಅಂತ ಅವರು ತಾವೇ ನಿಲ್ಲಿಸಿದರೆ ಮತ್ತೆ ರಕ್ತ ಹೆಪ್ಪುಗಟ್ಟಬಹುದು. ಆಟೋ ಯಾವಾಗ ಹತ್ತಬೇಕು ಅಂತ ವೈದ್ಯರನ್ನೇ ಕೇಳಿ.

ಹನ್ನೆರಡೂ ತಾಲೂಕಿನ ಓದುಗರಲ್ಲಿ ಒಂದು ವಿನಂತಿ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಇಸಿಜಿ ಮಾಡುವವರು ಇರುತ್ತಾರಾ, ಆ ಇಂಜೆಕ್ಷನ್ ಇದೆಯಾ, ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರು ಹಾಕಿ ಅಚ್ಚು ಮಾಡುತ್ತೇವೆ.

— ಸಂಪಾದಕ